ಕಸಾರಾ ಲೋಕಲ್ಲಿನ ಸ್ವರ

ಗುಂಡಿ ಒತ್ತಿದ್ದು ಶಾಂತಮ್ಮ. ಮುಂಬೈ ಹೊರಗೆ, ಟಿಟ್ವಾಳಾದ ಆಚೆಯ ಊರೊಂದರಲ್ಲಿ ಹಳೆಯ ಸ್ಟೇಷನ್ ಕಟ್ಟಡವನ್ನೇ ಮ್ಯೂಸಿಯಂ ಮಾಡಿದ್ದರು. ಅದನ್ನು ನೋಡಲು ಡೊಂಬಿವಲಿಯ ಕನ್ನಡ ಸಂಘದ ಹೆಂಗಸರು ಬಂದಿದ್ದರು. ಟಿಕೆಟ್ ಕಿಟಕಿಯ ಪಕ್ಕದ ಪೆಟ್ಟಿಗೆಯಿಂದ ಹಳೆಯ ಹೆಣ್ಣು ದನಿಯೊಂದು ಹೊರಬಂತು. "ಫಲಾಟ ಕ್ರಮಾಂಕ ತೀನ್..." ಎನ್ನುತ್ತ ಮೂರನೇ ಪ್ಲಾಟ್‌ಫಾರ್ಮಿಗೆ ಕಸಾರಾ ಊರಿನ ಲೋಕಲ್ ರೈಲು ಬರುತ್ತಿದೆಯೆಂದು ಮರಾಠಿಯಲ್ಲಿ ಸಾರಿತು.

"ಎಷ್ಟು ಇಂಪಾಗಿದೆ. ನಮ್ಮ ಸುಮೇಧಾಳದೇ ದನಿ ಇರಬೇಕು," ಎಂದರು ಶಾಂತಮ್ಮ.

ಪುಷ್ಪಾವತಿಗೆ ಹೊಟ್ಟೆಯೊಳಗೆ ಯಾರೋ ಹಸಿಮೆಣಸು ಅರೆದಂತಾಯಿತು. ಕಲ್ಯಾಣ ಸ್ಟೇಷನ್ನಿನಲ್ಲಿ ರೈಲುಗಳ ಅನೌನ್ಸ್‌ಮೆಂಟ್ ಹೇಳುತ್ತ ಅವಳೂ ಸುಮೇಧಾಳೂ ಇಪ್ಪತ್ತೆರಡು ವರ್ಷ ಪಾಳಿ ಹಂಚಿಕೊಂಡವರು. ಮೈಕು ಒಂದೇ, ಕುರ್ಚಿ ಒಂದೇ. ಹೊಗಳಿಕೆ ಮಾತ್ರ ಸುಮೇಧಾಳ ಪಾಲಿಗೆ. ಈಗ ಮ್ಯೂಸಿಯಮ್ಮಿನಲ್ಲೂ ಅವಳೇ.

"ಗೊತ್ತಿಲ್ಲಪ್ಪ, ಎಷ್ಟೊಂದು ವರ್ಷ ಆಯ್ತು," ಎಂದು ಸುಮೇಧಾ ನಕ್ಕಳು. ತನ್ನದೇ ಎಂದು ಒಪ್ಪಿಕೊಂಡ ಹಾಗೇ ಆಯಿತಲ್ಲ, ಎಂದುಕೊಂಡಳು ಪುಷ್ಪಾವತಿ.

"ಇಂಪು ಎಂಥದು ಮಾರಾಯ್ರೆ? ಮೂಗು ಕಟ್ಟಿದ ಹಾಗುಂಟು. ಕಸಾರಾ ಅಂದ್ರೆ ಕಸದ ಕಚ್ರಾ ಅಂತ ಕೇಳ್ತದೆ. ಇನ್ನೊಮ್ಮೆ ಒತ್ತಿ ನೋಡಿ," ಎಂದಳು.

ಒತ್ತಿದರು. ಈ ಸಲ ಎಲ್ಲರಿಗೂ ಕಚ್ರಾ ಎಂದೇ ಕೇಳಿಸಿತು. ಒಬ್ಬಿಬ್ಬರು ಸೆರಗಿನಲ್ಲಿ ನಗು ಮುಚ್ಚಿಕೊಂಡರು. ಅಷ್ಟಕ್ಕೇ ಪುಷ್ಪಾವತಿ ಬ್ರೇಕು ತಪ್ಪಿದ ಗೂಡ್ಸ್ ಗಾಡಿಯಂತಾದಳು. ಮ್ಯೂಸಿಯಂ ನೋಡಿಕೊಳ್ಳುವ ಧಾರವಾಡದ ಕಡೆಯ ಗುರುವಪ್ಪನನ್ನು ಕರೆದು, "ದೂರಿನ ಪುಸ್ತಕ ಉಂಟಾ?" ಎಂದಳು.

"ಐತ್ರಿ ಅಕ್ಕಾರ. ಇಲ್ಲೀತನಾ ಯಾರೂ ಬರದಿಲ್ಲ."

ತಾನೂ ಇದೇ ಕೆಲಸ ಮಾಡಿದವಳೆಂದು ಶುರುಮಾಡಿ ಪುಷ್ಪಾವತಿ ಒಂದೂವರೆ ಪುಟ ಬರೆದಳು. ಉಚ್ಚಾರ ಸರಿಯಿಲ್ಲ, ಎಲ್ಲೆಂದರಲ್ಲಿ ಉಸಿರು ಎಳೆಯುವುದು, ಕೇಳಿದವರು ರೈಲು ತಪ್ಪಿಸಿಕೊಳ್ಳುವುದೇ ಸೈ; ಈ ದನಿಯನ್ನು ಕೂಡಲೇ ತೆಗೆಯಬೇಕು. ಶಾಂತಮ್ಮನಿಂದಲೂ ಸಹಿ ಹಾಕಿಸಿ, ಪೆನ್ನನ್ನು ಸುಮೇಧಾಳ ಮುಂದೆ ಹಿಡಿದಳು. "ನೀವೂ ಹಾಕಿ. ನಿಮ್ಮದಲ್ಲ ಅಂತಾದ್ರೆ ಬೇಜಾರೆಂಥದು?"

ಸುಮೇಧಾ ಅವಳ ಮುಖವನ್ನು ಒಂದು ಕ್ಷಣ ನೋಡಿದಳು. "ಈ ದನಿ ಖಂಡಿತ ಬೇಡ ತಾನೇ?"

"ಬೇಡವೇ ಬೇಡ."

ಸುಮೇಧಾ ಸಹಿ ಹಾಕಿದಳು.

"ಅದೇ ಕೆಲಸ ಮಾಡಿದವ್ರು ಹೇಳಿದ ಮ್ಯಾಲೆ ನಾ ಏನ್ ಅನ್ಲಿರಿ," ಎಂದು ಗುರುವಪ್ಪ ಪೆಟ್ಟಿಗೆ ಬಿಚ್ಚಿ ಕ್ಯಾಸೆಟ್ ತೆಗೆದ. ರಿಜಿಸ್ಟರಿನಲ್ಲಿ ಹೊಡೆದುಹಾಕಲು ಹೆಸರು ಬೇಕಲ್ಲ; ಕನ್ನಡಕ ಏರಿಸಿ ಚೀಟಿ ಓದಿದ. "ಪುಷ್ಪಾವತಿ ಶೆಟ್ಟಿ, ಕಲ್ಯಾಣ, ತೊಂಬತ್ಮೂರು."

ಹೆಂಗಸರೆಲ್ಲ ಪುಷ್ಪಾವತಿಯತ್ತ ತಿರುಗಿದರು. ಇಪ್ಪತ್ತೆರಡು ವರ್ಷ ಗಾಜಿನ ಕೋಣೆಯೊಳಗೆ ಕೂತು ಮಾತಾಡಿದವಳು ಹೊರಗೆ ನಿಂತು ತನ್ನ ದನಿಯನ್ನು ತಾನೇ ಕೇಳಿಸಿಕೊಂಡದ್ದು ಇದೇ ಮೊದಲು.

"ನಿಮಗೆ ಗೊತ್ತಿತ್ತಾ?" ಎಂದು ಸುಮೇಧಾಳನ್ನು ಮೆಲ್ಲಗೆ ಕೇಳಿದಳು.

"ಮೊದಲನೇ ಸಲಕ್ಕೇ ಗೊತ್ತಾಯ್ತು. ಈ ದನಿ ಕೇಳಿ ಆಗ ನಾನು ಹೊಟ್ಟೆ ಉರ್ಕೊಂಡಿದ್ದು ಅಷ್ಟಿಷ್ಟಲ್ಲ," ಎಂದಳು ಸುಮೇಧಾ. "ನೀವೇ ಬೇಡ ಅಂದಾಗ ನಾನ್ಯಾಕೆ ತಡೀಲಿ?"

ಪುಷ್ಪಾವತಿ ದೂರಿನ ಪುಟ ಹರಿಯಲು ಕೈ ಚಾಚಿದಳು. "ಪುಟಕ್ಕ ನಂಬರ್ ಐತ್ರಿ, ಹರಿಯಾಕ ಬರೂದಿಲ್ಲ," ಎಂದು ಗುರುವಪ್ಪ ಪುಸ್ತಕ ಎತ್ತಿಟ್ಟ. ಖಾಲಿ ಪೆಟ್ಟಿಗೆಗೆ ಏನಾದರೂ ಹಾಕಬೇಕಲ್ಲ ಎಂದು ಮೇಜಿನ ಡ್ರಾಯರ್ ತಡಕಾಡಿ ಇನ್ನೊಂದು ಕ್ಯಾಸೆಟ್ ಹುಡುಕಿದ. ಅದರ ಚೀಟಿಯ ಧೂಳು ಊದಿ, ತಲೆಯೆತ್ತಿ ಕೇಳಿದ:

"ನಿಮ್ಮೊಳಗ ಸುಮೇಧಾ ಅಂದ್ರ ಯಾರ್ರಿ?"