ಹಾಜರಾಬಿ ಚಾಚಿಯ ಫೋನೂ ನನ್ನ ಅಗ್ಗದ ಮನೆಯೂ

ಧಾರವಾಡದ ಪ್ರಕಾಶಕರೊಬ್ಬರ ಪುಸ್ತಕಗಳ ಪುಟ ಜೋಡಿಸಿ ಇಂಟರ್ನೆಟ್ಟಿನಲ್ಲಿ ಕಳಿಸುವುದು ನನ್ನ ಕೆಲಸವಾಗಿತ್ತು. ಮೊಬೈಲು ಇನ್ನೂ ಎಲ್ಲರ ಕಿಸೆಗೆ ಬಂದಿರದ, ಇಂಟರ್ನೆಟ್ಟು ಫೋನಿನ ತಂತಿಯಲ್ಲೇ ಬರುತ್ತಿದ್ದ ಕಾಲ. ಮನೆಯಲ್ಲೇ ಕುಳಿತು ದುಡಿಯುವವನಿಗೆ ಊರು ಯಾವುದಾದರೇನು? ಬಾಡಿಗೆ ಕಡಿಮೆಯಿದ್ದರೆ ಸಾಕು ಎಂದು ಹೆಂಡತಿ ಶೈಲಾಳಿಗೆ ಗಂಭೀರವಾಗಿ ಘೋಷಿಸಿದೆ.

ನರಗುಂದದಲ್ಲಿ ಬಾಡಿಗೆ ಜಾಸ್ತಿ ಎನಿಸಿತು. ರೋಣದ ಮನೆಯ ಬಾಗಿಲಲ್ಲಿ ನನ್ನ ಮೇಜೇ ಹಿಡಿಸಲಿಲ್ಲ. ಗಜೇಂದ್ರಗಡದಲ್ಲಿ ಮಾತ್ರ ಹಾಜರಾಬಿ ಚಾಚಿಯ ಮನೆಯ ಮಹಡಿ ಸಿಕ್ಕಿತು. ಕಿಟಕಿ ತೆಗೆದರೆ ಗುಡ್ಡ, ಗಾಳಿ. ಕೆಳಗೆ ಚಾಚಿಯ ಮಗ್ಗದ ಸದ್ದು. ಬಾಡಿಗೆಯೋ, ನಗು ಬರುವಷ್ಟು ಕಡಿಮೆ!

"ಫೋನ್ ಐತೇನ್ರಿ?" ಎಂದಳು ಶೈಲಾ.

"ಐತ್ರಿ, ನಮ್ಮನ್ಯಾಗ. ಯಾವಾಗ ಬೇಕಂದ್ರ ಆವಾಗ ಮಾತಾಡ್ರಿ," ಎಂದರು ಚಾಚಿ.

ಒಪ್ಪಿಬಿಟ್ಟೆ. ಮಾತಾಡುವುದು ಬೇರೆ, ಪುಸ್ತಕ ಕಳಿಸುವುದು ಬೇರೆ ಎಂದು ಹೊಳೆದದ್ದು ಸಾಮಾನು ಇಳಿಸಿದ ಮೇಲೆ! ನನ್ನದೇ ಫೋನಿಗೆ ಅರ್ಜಿ ಹಾಕಿದೆ. ಸರದಿ ಬರಲೇ ಇಲ್ಲ. ಕೊನೆಗೆ ಚಾಚಿಯ ಫೋನಿನಿಂದಲೇ ಒಂದು ತಂತಿ ಮೇಲೆಳೆದುಕೊಂಡೆ. ಕೆಳಗೆ ಅವರು ಫೋನ್ ಎತ್ತಿದರೆ ಮೇಲೆ ನನ್ನ ಇಂಟರ್ನೆಟ್ ಕಡಿದುಹೋಗುತ್ತಿತ್ತು.

"ಸರ್ರ, ಫೋನಿನ್ಯಾಗ ಯಾರೋ ಚೀರಾಕ ಹತ್ಯಾರ!"

"ಅದು ನನ್ನ ಇಂಟರ್ನೆಟ್ಟ ಚಾಚಿ! ಇಡ್ರಿ ಕೆಳಗ!"

ಒಂದು ದಿನ ಇಡೀ ಪುಸ್ತಕ ಸಂಜೆಯೊಳಗೆ ಧಾರವಾಡ ಮುಟ್ಟಬೇಕಿತ್ತು. ಫೋನ್ ಮುಟ್ಟಬೇಡಿರೆಂದು ಕೈಮುಗಿದೆ. ಚಾಚಿ ಅದರ ಮೇಲೆ ಕೌದಿ ಹೊದಿಸಿ, ಮಗ್ಗ ಬಿಟ್ಟು, ಮಧ್ಯಾಹ್ನವಿಡೀ ಕಾವಲು ಕುಳಿತರು. ಪುಸ್ತಕ ಹೋಯಿತು! ನಾನು ಮೀಸೆ ತಿರುವಿದೆ.

ಸಂಜೆ ನರಗುಂದದ ಬಸ್ಸಿಳಿದು ಚಾಚಿಯ ಅಳಿಯ ಓಡಿಬಂದ.

"ಮಧ್ಯಾಹ್ನದಿಂದ ಫೋನ್ ಹಚ್ಚಾಕ ಹತ್ತೀನಿ ಅಮ್ಮಾ, ಬರೇ ಎಂಗೇಜ್! ನಿಮ್ಮ ಮಗಳಿಗೆ ಹೆರಿಗಿ ಆತು. ಹೆಣ್ಣು ಕೂಸು."

"ಇನ್ನೂ ಹದಿನೈದು ದಿನ ಐತಿ ಅಂದಿದ್ರಲ್ಲೋ! ತಾಯಿ, ಕೂಸು ಚಲೋ ಅದಾರಿಲ್ಲೋ?"

"ಅದಾರ್ರಿ."

ಚಾಚಿ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನತ್ತ ತಿರುಗಿದರು. ಬೈಗುಳಕ್ಕೆ ತಲೆತಗ್ಗಿಸಿ ನಿಂತೆ.

"ನಿಮ್ಮ ಪುಸ್ತಕ ಹೋತೇನ್ರಿ ಸರ್ರ?"

ಅದಕ್ಕಿಂತ ಎರಡೇಟು ಹೊಡೆದಿದ್ದರೆ ಚೆನ್ನಾಗಿತ್ತು.

ಬೆಳಿಗ್ಗೆ ಪ್ರಕಾಶಕರ ಫೋನು: "ತಪ್ಪು ತಿದ್ದದ ಹಳೇ ಪ್ರತಿ ಕಳಿಸೀರಲ್ರಿ!"

"ನಾ ಏನೂ ಅನ್ನೂದಿಲ್ಲ," ಎಂದಳು ಶೈಲಾ. ಅನ್ನಬೇಕಾದದ್ದೆಲ್ಲ ಅದರಲ್ಲೇ ಬಂದಿತ್ತು.

ಸರಿಯಾದ ಪ್ರತಿಯನ್ನು ಸಿಡಿಗೆ ಹಾಕಿಕೊಂಡು ಧಾರವಾಡದ ಬಸ್ ಹತ್ತಿದೆ. ಪಕ್ಕದಲ್ಲಿ ಚಾಚಿ, ತೊಡೆಯ ಮೇಲೆ ಬಾಣಂತಿಗೆಂದು ಕಟ್ಟಿದ ಅಂಟಿನುಂಡಿಯ ಡಬ್ಬಿ. ನರಗುಂದ ಬಂದಾಗ, "ಕೂಸಿನ ಮಾರಿ ನೋಡಿ ಮುಂದಿನ ಬಸ್ಸಿಗೆ ಹೋಗ್ರಿ," ಎಂದು ನನ್ನನ್ನೂ ಇಳಿಸಿದರು. ದವಾಖಾನೆಯಲ್ಲಿ ಕೂಸನ್ನು ನನ್ನ ತೊಡೆಯ ಮೇಲಿಟ್ಟು ಮಗಳಿಗೆ ಉಣಿಸಲು ಕುಳಿತರು. ಅದು ನನ್ನ ಹೆಬ್ಬೆರಳು ಹಿಡಿದು ನಿದ್ದೆ ಹೋಯಿತು. ಅಲುಗಾಡುವ ಧೈರ್ಯ ನನಗಾಗಲಿಲ್ಲ. ಮುಂದಿನ ಬಸ್ಸೂ ಹೋಯಿತು. ಅದರ ಮುಂದಿನದೂ ಹೋಯಿತು.

ಆ ಮನೆಯಲ್ಲಿ ನಾಲ್ಕು ವರ್ಷ ಇದ್ದೆವು. ಆ ಪುಟ್ಟ ಮುಷ್ಟಿಯ ಬಿಸಿ ಇನ್ನೂ ನೆನಪಿದೆ. ಅಲ್ಲಿಂದ ಹೊತ್ತಿಗೆ ಸರಿಯಾಗಿ ಕಳಿಸಿದ ಪುಸ್ತಕ ಒಂದೂ ನೆನಪಿಲ್ಲ. ಕಳಿಸಿದ್ದರೆ ತಾನೆ!