‘ನನ್ನ ಹೆಸರು’ ಮತ್ತು ‘ಅಂತ’ಗಳ ನಡುವೆ

ನಮ್ಮ ಚಿಗವ್ವನಿಗೆ ನಿಮ್ಮ ಹೆಸರು ಹೇಳುವ ಮುನ್ನ ಎರಡು ಸಲ ಯೋಚಿಸಿ ಎಂದು ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಡಂಗುರ ಸಾರಿಸಬೇಕೆಂದಿದ್ದೇನೆ. ಆಕೆ ನನ್ನ ಅವ್ವನ ತಂಗಿ, ತಿಳವಳ್ಳಿಯಲ್ಲಿರುವ ನಿವೃತ್ತ ಶಾಲಾ ಶಿಕ್ಷಕಿ. ಹತ್ತು ವರ್ಷದಿಂದ ಊರೂರು ತಿರುಗಿ, ಮುದುಕಿಯರ ಬಾಯಿಗೆ ಫೋನು ಹಿಡಿದು, ಬೀಸುಕಲ್ಲಿನ ಪದಗಳನ್ನು ಕೂಡಿಹಾಕಿದ್ದಾಳೆ. ಹಾಡು, ಮಾತು, ಕೆಮ್ಮು, ನಡುವೆ ಕೂಗಿದ ಕೋಳಿ, ಎಲ್ಲವನ್ನೂ ಬಿಡದೆ ಟೈಪು ಮಾಡಿದ್ದಾಳೆ. ಈಗ ಅದು ಪುಸ್ತಕವಾಗಬೇಕು. ಪ್ರತಿ ಹಾಡಿನ ಕೆಳಗೆ ಹಾಡಿದವಳ ಹೆಸರಿರಬೇಕು, ಅದೂ ಅವಳೇ ಬಾಯಿಬಿಟ್ಟು ಹೇಳಿದ ಹೆಸರು! ಬೇರೆಯವರು ಹೇಳಿದ್ದು ಆಕೆಗೆ ನಡೆಯದು.

ನಾನು ಶಿಗ್ಗಾಂವದ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುವ ಪಾಪಿ. ರಾಶಿ ಪುಟಗಳಲ್ಲಿ ಹೆಸರು ಹುಡುಕಿ ಕಣ್ಣು ಕೆಡಿಸಿಕೊಳ್ಳುವುದೇಕೆ, ಒಂದು ಪ್ಯಾಟರ್ನ್ ಬರೆದರೆ ಕಂಪ್ಯೂಟರೇ ಹೆಕ್ಕಿಕೊಡುತ್ತದೆ ಎಂದು ಬಾಯಿ ತಪ್ಪಿ ಅಂದುಬಿಟ್ಟೆ. ‘ನನ್ನ ಹೆಸರು’ ಎಂದು ಬಂದಲ್ಲಿಂದ ಮುಂದೆ, ‘ಅಂತ’ ಬರುವವರೆಗೆ ಇರುವುದನ್ನು ಕತ್ತರಿಸಿ ತೆಗೆ ಎಂದು ಬರೆದೆ. ಇದಕ್ಕಿಂತ ಸರಳವಾದದ್ದು ಲೋಕದಲ್ಲಿ ಉಂಟೇ?

ಮೊದಲ ಸಲ ಓಡಿಸಿದಾಗ ಸವಣೂರಿನ ಅಜ್ಜಿಯೊಬ್ಬಳ ಹೆಸರು ಹೀಗೆ ಬಂತು: “ಕೇಳಿ ಏನ್ ಮಾಡ್ತೀಯವ್ವಾ, ಎಮ್ಮಿ ಕಟ್ಟು.” ಆಕೆ ಹೇಳಿದ್ದು, “ನನ್ನ ಹೆಸರು ಕೇಳಿ ಏನ್ ಮಾಡ್ತೀಯವ್ವಾ, ಎಮ್ಮಿ ಕಟ್ಟು ಅಂತ ಸೊಸಿ ಹೇಳಿ ಹೋಗ್ಯಾಳ” ಎಂದು!

“ಏನಲೇ ಇದು? ಇಷ್ಟುದ್ದ ಹೆಸರಿಟ್ಟಾರೇನ ಆಕೀಗೆ?”

“ಕಂಪ್ಯೂಟರಿಗೆ ಹೆಸರು ಯಾವುದು, ಎಮ್ಮಿ ಯಾವುದು ಗೊತ್ತಾಗೂದಿಲ್ಲ ಚಿಗವ್ವ. ಹೇಳಿದ್ದಷ್ಟ ಮಾಡ್ತೈತಿ.”

“ಹಂಗಾರ ನಿನ್ನಂಗ ಐತಿ ಬಿಡು!”

ಸರಿಪಡಿಸಲು ಹೋಗಿ ಇನ್ನಷ್ಟು ಕೆಡಿಸಿದೆ. ಮೊದಲ ‘ಅಂತ’ಕ್ಕೆ ನಿಲ್ಲಬೇಕಾದದ್ದು ಕಟ್ಟಕಡೆಯ ‘ಅಂತ’ದವರೆಗೆ ಓಡಿತು. ನಮ್ಮ ಕಡೆ ಮಾತಿಗೆ ನಾಲ್ಕು ‘ಅಂತ’! ಹಿರೇಕೆರೂರಿನ ಒಬ್ಬಾಕೆಯ ಹೆಸರು ಎರಡು ಪುಟ ಬಂತು: ಆಕೆಯ ಲಗ್ನ, ಅತ್ತೆಯ ಜಗಳ, ಕಣ್ಣಿನ ಆಪರೇಶನ್. ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಚಿಗವ್ವ ಎರಡೂ ಪುಟ ಓದಿ, “ತಪ್ಪೇನಿಲ್ಲ ತಗಿ, ಆಕೀ ಅಂದ್ರ ಇಷ್ಟೂ ಹೌದು” ಎಂದಳು.

ಆದರೂ ಮನುಷ್ಯರನ್ನೇ ತಿದ್ದುವುದು ಸುಲಭವೆಂದು ಆಕೆಗೆ ಅನಿಸಿತು. ಹೊಸದಾಗಿ ಹಾಡುವವರಿಗೆ ಮೊದಲು ತಾಲೀಮು: “ಹೆಸರು ಹೇಳು, ‘ಅಂತ’ ಅನ್ನು, ಬಾಯಿ ಮುಚ್ಚು!” ಮುಚ್ಚಿದ ಬಾಯಿಯಿಂದ ಹಾಡು ಹೊರಡುವುದು ಹೇಗೆ? ಇಬ್ಬರು ಸಿಟ್ಟಾಗಿ ಎದ್ದುಹೋದರು. ಹಳಬರನ್ನು ಮತ್ತೆ ಕೇಳೋಣವೆಂದರೆ ಎಷ್ಟೋ ಮಂದಿ ಉಳಿದೇ ಇರಲಿಲ್ಲ. ಒಂದೊಂದು ಹೆಸರಿಗೂ ಗುದ್ದಾಡಿ ನನ್ನ ದಸರೆ ರಜೆ ಮಣ್ಣುಪಾಲಾಯಿತು.

ಕೊನೆಗೆ ಎಲ್ಲ ಹೆಸರೂ ಬಂದವು, ಒಂದನ್ನು ಬಿಟ್ಟು. ಅದು ಹೋದ ವರ್ಷ ತೀರಿಕೊಂಡ ನಮ್ಮ ಅಜ್ಜಿಯದು, ಅಂದರೆ ಚಿಗವ್ವನ ಅವ್ವನದು. ಆಕೆಯ ಹಾಡಿನ ಪುಟಗಳಲ್ಲಿ ‘ನನ್ನ ಹೆಸರು’ ಎಂಬ ಮಾತೇ ಇಲ್ಲ. ಸ್ವಂತ ಅವ್ವನನ್ನು ನಿನ್ನ ಹೆಸರೇನು ಎಂದು ಯಾರು ಕೇಳುತ್ತಾರೆ?

“ಅಜ್ಜಿ ಹೆಸರು ನಿನಗ ಗೊತ್ತೈತೆಲ್ಲ ಚಿಗವ್ವ, ಬರದುಬಿಡು.”

“ಎಲ್ಲಾರದೂ ಅವರವರ ಬಾಯಿಂದ ಬಂದೈತಿ. ಅವ್ವಂದಷ್ಟ ನಾ ಬರೀಲೇನ? ಒಂದ ಸಲ ಕೇಳಿದ್ದರ ನನ್ನ ಗಂಟೇನ ಹೋಗತಿತ್ತೋ ತಮ್ಮಾ?”

ಊರನ್ನೇ ಹೆದರಿಸಿದ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೆ ತಡೆಯಲಾಗಲಿಲ್ಲ. ಹಾಡಿನ ಸಾಲುಗಳಿಗೆಲ್ಲ ಆಕೆ ಮೊದಲೇ ನಕ್ಷತ್ರದ ಗುರುತು ಹಾಕಿದ್ದಳು. ನಕ್ಷತ್ರವಿರುವುದನ್ನು ಬಿಟ್ಟು, ಅಜ್ಜಿ ಆಡಿದ ಮಾತನ್ನಷ್ಟೇ ತೆಗೆ ಎಂದು ಬರೆದೆ.

ಅಜ್ಜಿಯ ಮೂರು ಹಾಡಿಗೆ ಮೂರು ಸಾಲು ಬಂದವು. ಮೂರೂ ಒಂದೇ: “ಸಾಕು ಮಗಳ, ನಿನ್ನ ಕೈ ನೋಯ್ತಾವ, ಫೋನ್ ಇಳಸು.”

ಚಿಗವ್ವ ಫೋನು ಹಿಡಿಯುತ್ತಿದ್ದ ತನ್ನ ಬಲಗೈಯನ್ನು ನೋಡಿಕೊಂಡಳು.

“ಹೆಸರಿನ ಜಾಗಾದಾಗ ಇದನ್ನ ಹಾಕು,” ಎಂದಳು. “ಅವ್ವನ ಬಾಯಿಂದ ಬಂದದ್ದು.”

ಒಂದಕ್ಷರವನ್ನೂ ಕತ್ತರಿಸದೆ ಹಾಕಿದೆ.