ಹೆಸರಿಲ್ಲದ ಮರದ ಮುದ್ದೆ ಕೋಲು

ನಮ್ಮ ಮಧುಗಿರಿ ಕಡೆ ಹೊಸಬರು ಸಿಕ್ಕಿದರೆ ಮೊದಲು ಯಾವೂರು, ಆಮೇಲೆ ಯಾರ ಕಡೆಯವರು ಎಂದು ಕೇಳುತ್ತಾರೆ. ಎರಡಕ್ಕೂ ಸರಿಯಾದ ಉತ್ತರ ಬಂದ ಮೇಲೇ ನೀರಿನ ಚೊಂಬು ಕೈಗೆ ಬರುವುದು. ಮನುಷ್ಯರ ವಿಷಯದಲ್ಲಿ ಈ ವಿಚಾರಣೆಯನ್ನು ಹೇಗೋ ಸಹಿಸಿಕೊಂಡು ಬಂದಿದ್ದೇನೆ. ಆದರೆ ಒಂದು ಕಟ್ಟಿಗೆ ತುಂಡಿಗೂ ಕುಲಗೋತ್ರ ಕೇಳಿದರೆ ಸುಮ್ಮನಿರುವ ಜಾಯಮಾನ ನನ್ನದಲ್ಲ. ಯಾರು ಏನೇ ಅನ್ನಲಿ, ನನ್ನ ಮುದ್ದೆ ಕೋಲಿನ ಪರವಾಗಿ ನಾನು ಹೂಡಿದ ಹೋರಾಟ ನ್ಯಾಯವಾದದ್ದು. ಗೆದ್ದೆನೋ ಸೋತೆನೋ ಪೂರ್ತಿ ಓದಿ ನೀವೇ ಹೇಳಿ.

ಮನೆಯ ಹಳೆಯ ಮುದ್ದೆ ಕೋಲು ಹಿಟ್ಟು ತೊಳಸುತ್ತಿರುವಾಗಲೇ ಲಟಕ್ಕನೆ ಮುರಿಯಿತು. ಮುದ್ದೆ ಇಲ್ಲದ ಊಟ ನನಗೆ ಊಟವೇ ಅಲ್ಲ. ಚಪಾತಿ ತಿಂದ ದಿನ ಯಾರದೋ ಮನೆಗೆ ನೆಂಟನಾಗಿ ಬಂದಂತೆ ಇರುತ್ತದೆ. ಅದೇ ಹೊತ್ತಿಗೆ ಪುರವರದಲ್ಲಿ ನಮ್ಮ ದೊಡ್ಡಪ್ಪ ಹಳೇ ಕೊಟ್ಟಿಗೆ ಕೆಡವಿಸುತ್ತಿದ್ದರು. ಸೌದೆ ರಾಶಿಯಲ್ಲಿ ಹಳೇ ತೊಲೆಯ ಒಂದು ತುಂಡು ಕಣ್ಣಿಗೆ ಬಿತ್ತು. ಕೆಂಪು ಬಣ್ಣ, ಒಳ್ಳೇ ಭಾರ, ಹಿಡಿದರೆ ಬಿಡಲು ಮನಸ್ಸಾಗದು. ಬಡಗಿಯ ಹತ್ತಿರ ಒಯ್ದು ಕೋಲು ಮಾಡಿಸಿ, ಇದು ಯಾವ ಮರ ಎಂದು ಕೇಳಿದೆ. "ಉಳಿ ಮೊಂಡಾಗೋಯ್ತು, ಅಷ್ಟು ಗಟ್ಟಿ ಐತೆ. ಹೆಸ್ರು ಕಟ್ಕಂಡು ಏನ್ ಮಾಡ್ತೀರಾ ಸಾರ್?" ಎಂದ. ಮಾತು ನನಗೆ ಬಹಳ ಹಿಡಿಸಿತು.

ನನ್ನ ಹೆಂಡತಿ ರತ್ನಳಿಗೆ ಹಿಡಿಸಲಿಲ್ಲ. "ಯಾವ ಮರ ಅಂತ ಗೊತ್ತಿಲ್ದೆ ಕುದಿಯೋ ಎಸರಿಗೆ ಇದನ್ನ ಅದ್ದಲ್ಲ ನಾನು. ಗೆದ್ಲು ಹಿಡೀಬಾರ್ದು ಅಂತ ತೊಲೆಗೆ ಏನೇನ್ ಬಳ್ದಿದ್ರೋ," ಎಂದಳು. ದೊಡ್ಡಪ್ಪನಿಗೆ ಫೋನ್ ಮಾಡಿದೆ. ಏನೂ ಬಳಿದಿಲ್ಲ ಎಂದು ಆಣೆ ಮಾಡಿದರು. ಮರ ಯಾವುದೆಂದರೆ, "ನಮ್ಮಪ್ಪನ ಕಾಲದ್ದು ಕಣಪ್ಪ," ಎಂದರು. ತೆಲುಗು ಗಡಿಯ ನಾಗಲಮಡಿಕೆಯಿಂದ ಬಂದಿದ್ದ ನಮ್ಮತ್ತೆ ಕೋಲನ್ನು ಮೂಸಿ ನೋಡಿ, "ಅಯ್ಯೋ ದೇವುಡಾ! ಇದು ಮುಷ್ಟಿ ಚೆಟ್ಟು ಅಳಿಯಂದ್ರೇ, ತಿಂದ್ರೆ ಚಚ್ಚಿಪೋತಾರು!" ಎಂದರು. ಮುಷ್ಟಿ ಚೆಟ್ಟು ಎಂದರೆ ನಮ್ಮ ಕಾಸರಕದ ಮರ, ಕಡು ಕಹಿ, ಕಡು ವಿಷ, ತಿಂದವರು ಸತ್ತೇ ಹೋಗುತ್ತಾರಂತೆ. ನನಗೆ ರೇಗಿತು. ಎಲ್ಲರ ಎದುರಿಗೆ ಕೋಲನ್ನು ನೆಕ್ಕಿದೆ. ಚೂರೂ ಕಹಿ ಇರಲಿಲ್ಲ. "ಸಂಜೆ ತನ್ಕ ನೋಡೋಣ," ಎಂದು ಅತ್ತೆ ಶಾಂತವಾಗಿ ಎಲೆ ಅಡಿಕೆ ಹಾಕಿಕೊಂಡರು.

ನೆಂಟರ ವಾಟ್ಸಾಪ್ ಗುಂಪಿಗೆ ಫೋಟೋ ಹಾಕಿದೆ. ಒಬ್ಬರು ಹೊನ್ನೆ ಎಂದರು, ಒಬ್ಬರು ಜಾಲಿ ಎಂದರು, ಕೊರಟಗೆರೆಯ ಚಿಕ್ಕಮ್ಮ ಅದು ಯಾವುದೋ ದೇವರ ದಂಡ ಎಂದುಕೊಂಡು ಕೈಮುಗಿದ ಚಿತ್ರ ಕಳಿಸಿದರು. ಅದನ್ನು ನೋಡಿ ಇನ್ನಿಬ್ಬರು ಕೈಮುಗಿದರು.

ಕೊನೆಗೆ ನನ್ನ ಪಾಲಿಗೆ ಉಳಿದವನು ಹುಲಿಕುಂಟೆಯ ಈರಣ್ಣ. ಶಾಲೆಯಲ್ಲಿ ಜೊತೆಗೆ ಓದಿದವನು, ಈಗ ಅವನಿಗೆ ಕುರಿ ಮೇಕೆಗಳ ದೊಡ್ಡ ಮಂದೆ ಇದೆ. ಮನೆಗೆ ಬಂದವನ ಕೈಗೆ ಕೋಲು ಕೊಟ್ಟೆ. "ಲೇ, ಸೊಪ್ಪು ತೋರ್ಸು, ಹೇಳ್ತೀನಿ. ಬರೀ ಕೋಲು ತೋರ್ಸಿ ಮರ ಕೇಳಿದ್ರೆ, ಮೂಳೆ ತೋರ್ಸಿ ಕುರಿ ಯಾರ್ದು ಅಂತ ಕೇಳ್ದಂಗಾಯ್ತು ಕಣ್ಲಾ," ಎಂದ. ಮಜ್ಜಿಗೆ ಕುಡಿಯುತ್ತಾ ಅವನೇ ಮುಂದುವರಿಸಿದ: "ಹೊಸ ಕಡೀಕೆ ಮೇಸಾಕೆ ಹೋದಾಗ ಗುರ್ತಿಲ್ದ ಸೊಪ್ಪು ಸಿಕ್ರೆ ಮಂದೆ ಬುಡಾಕಿಲ್ಲ ನಾವು. ಮೊದ್ಲು ಒಂದು ಮುದಿ ಹೋತನ್ನ ಬುಡ್ತೀವಿ. ಅದು ಮೇದು ನಾಕ್ ದಿನ ನೆಟ್ಟಗಿದ್ರೆ ಮಿಕ್ಕಿದ್ದು."

"ಹೋತ ಸತ್ತೋದ್ರೆ?" ರತ್ನ ಕೇಳಿದಳು.

"ಮುದೀದು ತಾನೆ, ಬುಡು ಕಣಮ್ಮ."

ಅವಳು ಅವನ ಲೋಟಕ್ಕೆ ಇನ್ನಷ್ಟು ಮಜ್ಜಿಗೆ ಹಾಕಿದಳು. ನಾನು ಎದ್ದು ನಿಂತು ಘೋಷಿಸಿದೆ: "ಯಾವ ಹೋತನೂ ಬೇಡ. ಈ ಕೋಲಲ್ಲಿ ನಾನೇ ತೊಳಸ್ತೀನಿ, ನಾನೇ ತಿಂತೀನಿ!" "ಸರಿ, ಹಂಗೇ ಮಾಡಿ," ಎಂದಳು ರತ್ನ. ಮದುವೆಯಾದ ಮೇಲೆ ಅವಳು ಅಷ್ಟು ಬೇಗ ಒಪ್ಪಿದ ಮಾತು ಇನ್ನೊಂದಿಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಕೋಲನ್ನು ನೀರಲ್ಲಿ ಕುದಿಸಿ, ಆ ನೀರು ಚೆಲ್ಲಿ, ಒಲೆ ಮುಂದೆ ನಿಂತೆ. ಮೊದಲ ದಿನದ ಮುದ್ದೆಯಲ್ಲಿ ಹಿಟ್ಟಿಗಿಂತ ಗಂಟೇ ಜಾಸ್ತಿ. ಒಂದೊಂದನ್ನೂ ಹಟದಿಂದ ನುಂಗಿದೆ. ಅಮ್ಮ ಮಗಳು ಅನ್ನ ಉಣ್ಣುತ್ತಾ ನನ್ನನ್ನೇ ನೋಡುತ್ತಿದ್ದರು. "ಕಣ್ಣು ಮಂಜಾಯ್ತದಾ ಅಳಿಯಂದ್ರೇ?" ಎಂದು ಅತ್ತೆ ನಡುನಡುವೆ ವಿಚಾರಿಸಿಕೊಳ್ಳುತ್ತಿದ್ದರು. ನಾನು ಜಗ್ಗಲಿಲ್ಲ. ಬರಬರುತ್ತಾ ಗಂಟು ಹೋಯಿತು, ಮುದ್ದೆ ಬೆಣ್ಣೆಯಂತೆ ಬರತೊಡಗಿತು. ಹುರುಳಿಕಾಳಿನ ಸಾರಿಗೆ ಅದ್ದಿ ನುಂಗುವಾಗ ನನ್ನಷ್ಟು ಸುಖಿ ಈ ತಾಲ್ಲೂಕಿನಲ್ಲೇ ಇರಲಿಲ್ಲ.

ಒಂದು ಮಧ್ಯಾಹ್ನ ರತ್ನ ಇನ್ನೆರಡು ತಟ್ಟೆ ತಂದಿಟ್ಟಳು. "ನಂಗೊಂದು, ಅಮ್ಮಂಗೊಂದು ಮುದ್ದೆ ಹಾಕಿ."

"ಯಾಕೆ, ವಿಷ ಅಲ್ವಾ?" ಎಂದೆ, ಗೆದ್ದ ಗತ್ತಿನಲ್ಲಿ.

"ಈರಣ್ಣ ಹೇಳಿದ್ರಲ್ಲ, ನಾಕ್ ದಿನ ನೋಡಿ ಅಂತ. ನೋಡಿದ್ವಿ."

ಹಾಗಾದರೆ ನಾಳೆಯಿಂದ ನೀನೇ ತೊಳಸು ಎಂದು ಕೋಲು ಚಾಚಿದೆ. "ಅಯ್ಯೋ ಬೇಡಪ್ಪ, ಅದು ನಿಮ್ಮ ಕೈಗೆ ಪಳಗಿದೆ," ಎಂದಳು. ಸೋಲೊಪ್ಪಿಕೊಂಡು ಕೋಲು ಕೆಳಗಿಡುವವನು ನಾನಲ್ಲ. ಇಡಲೂ ಇಲ್ಲ. ಈಗಲೂ ಒಲೆಯ ಮೇಲೆ ಮೂವರಿಗೂ ಎಸರು ಕುದಿಯುತ್ತಿದೆ, ಕೋಲು ನನ್ನ ಕೈಯಲ್ಲೇ ಇದೆ. ಅದು ಯಾವ ಮರವೆಂದು ಇಂದಿಗೂ ಗೊತ್ತಾಗಿಲ್ಲ. ಅದನ್ನು ಮೊದಲು ಮೇದ ಹೋತ ಯಾವುದೆಂದು ಮಾತ್ರ ಮನೆಮಂದಿಗೆಲ್ಲ ಗೊತ್ತು.